ಯಂತ್ರ ಮನೆಯಲ್ಲಿ, ಮನುಷ್ಯ ಹೋಟೆಲಿನಲ್ಲಿ: ಕಂಪ್ಯೂಟರ್ ಚೆಸ್ ಟೂರ್ನಿಗೆ ಪ್ರೋಗ್ರಾಮರ್ ಖುದ್ದಾಗಿ ಹೋಗಲೇಬೇಕಾ?

ಕಂಪ್ಯೂಟರ್ ಚೆಸ್ ಟೂರ್ನಿ ಅಂದರೆ ಎರಡು ಲ್ಯಾಪ್‌ಟಾಪ್‌ಗೆ ಒಂದು ವೈರ್ ಜೋಡಿಸಿ, ಬಟನ್ ಒತ್ತಿ, ಎಲ್ಲರೂ ಕಾಫಿಗೆ ಎದ್ದು ಹೋಗುತ್ತಾರೆ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಹಾಗಿಲ್ಲ. 2024ರಲ್ಲಿ ಕೊನೆಯ ಸಲ ನಡೆದ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಶಿಪ್‌ನಲ್ಲಿ ಮೇಜಿನ ಮೇಲೆ ನಿಜವಾದ ಚೆಸ್ ಬೋರ್ಡ್ ಇರುತ್ತಿತ್ತು, ನಿಜವಾದ ಕಾಯಿಗಳು, ಪಕ್ಕದಲ್ಲಿ ಗಡಿಯಾರ. ಎರಡೂ ಕಡೆ ಒಬ್ಬೊಬ್ಬರು ಮನುಷ್ಯರು, ಅವರ ಮುಂದೆ ಒಂದೊಂದು ಲ್ಯಾಪ್‌ಟಾಪ್. ಪರದೆಯ ಮೇಲೆ ನಡೆ ಬರುತ್ತಿತ್ತು. ಈ ಮನುಷ್ಯ ಅದನ್ನು ಓದಿ ಬೋರ್ಡಿನ ಮೇಲೆ ಕುದುರೆಯನ್ನೋ ಕಾಲಾಳನ್ನೋ ಸರಿಸಿ ಗಡಿಯಾರ ಒತ್ತುತ್ತಿದ್ದ. ಎದುರಿಗಿದ್ದವನು ಬೋರ್ಡ್ ನೋಡಿ ಆ ನಡೆಯನ್ನು ತನ್ನ ಲ್ಯಾಪ್‌ಟಾಪ್‌ಗೆ ಹಾಕುತ್ತಿದ್ದ. ಹೀಗೇ ನಾಲ್ಕೈದು ಗಂಟೆ.

ಈ ಕೆಲಸ ಮಾಡುವವರಿಗೆ ಆಪರೇಟರ್ ಅಂತಾರೆ. ಬಹಳಷ್ಟು ಸಲ ಪ್ರೋಗ್ರಾಂ ಬರೆದವನೇ ಆಪರೇಟರ್. ಅಂದರೆ ಪ್ರಪಂಚದ ಯಾವ ಗ್ರ್ಯಾಂಡ್‌ಮಾಸ್ಟರನ್ನೂ ಸೋಲಿಸುವ ಸಾಫ್ಟ್‌ವೇರ್ ಬರೆದ ಆಸಾಮಿ, ವಿಮಾನ ಹತ್ತಿ ಬೇರೆ ದೇಶಕ್ಕೆ ಹೋಗಿ, ತನ್ನ ಸಾಫ್ಟ್‌ವೇರ್ ಹೇಳಿದ ಹಾಗೆ ಕಾಯಿ ನಡೆಸುತ್ತಾ ಕೂರುತ್ತಿದ್ದ.

ಇದು ಬೇಕಾ? ವರ್ಷಗಳಿಂದ ಈ ಪ್ರಶ್ನೆಗೆ ಜಗಳ ಆಗುತ್ತಲೇ ಇದೆ. ಹೊರಗಿನಿಂದ ನೋಡಿದರೆ ಇಂಟರ್ನೆಟ್ ಇರುವಾಗ ಯಾಕ್ರೀ ಇದೆಲ್ಲ ಅನ್ನಿಸುತ್ತದೆ. ಒಳಗೆ ಹೋಗಿ ನೋಡಿದರೆ ಅಷ್ಟು ಸಲೀಸಾಗಿಲ್ಲ.

ಮೊದಲು ಒಂದು ತಮಾಷೆ ನೋಡಿ. ಈ ಟೂರ್ನಿಗಳ ಚರಿತ್ರೆಯಲ್ಲಿ ಶುರುವಿನಿಂದಲೂ ಬಹಳಷ್ಟು ಸಲ ಮನೆಯಲ್ಲೇ ಉಳಿದದ್ದು ಯಂತ್ರ, ಊರೂರು ತಿರುಗಿದ್ದು ಮನುಷ್ಯ. 1970ರಲ್ಲಿ ನ್ಯೂಯಾರ್ಕಿನ ಹಿಲ್ಟನ್ ಹೋಟೆಲಿನಲ್ಲಿ ಮೊದಲ ಕಂಪ್ಯೂಟರ್ ಚೆಸ್ ಟೂರ್ನಿ ನಡೆಯಿತು. ಆರು ಪ್ರೋಗ್ರಾಂಗಳು. ಗೆದ್ದ 'ಚೆಸ್ 3.0' ಓಡುತ್ತಿದ್ದದ್ದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಿಡಿಸಿ 6400 ಯಂತ್ರದ ಮೇಲೆ. ಆಗಿನ ಕಂಪ್ಯೂಟರ್ ಒಂದು ಕೋಣೆ ತುಂಬ ಇರುತ್ತಿತ್ತು, ಅದನ್ನು ಹೋಟೆಲಿಗೆ ತರುವುದು ಹೇಗೆ? ಹಾಗಾಗಿ ಫೋನ್ ಲೈನ್. 1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಸೋವಿಯತ್ 'ಕೈಸ್ಸಾ' ಕೂಡ ಮಾಸ್ಕೋದಲ್ಲೇ ಇತ್ತು, ನಡೆಗಳು ಫೋನಿನಲ್ಲಿ ಹೋಗಿ ಬರುತ್ತಿದ್ದವು. 1995ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಐಬಿಎಂನವರು 'ಡೀಪ್ ಬ್ಲೂ'ವಿನ ಪ್ರಯೋಗದ ಆವೃತ್ತಿಯನ್ನು ಆಡಿಸಿದಾಗಲೂ ಯಂತ್ರ ಇದ್ದದ್ದು ನ್ಯೂಯಾರ್ಕ್ ರಾಜ್ಯದಲ್ಲಿ. ಅಲ್ಲಿ ಅದು ಮಾಮೂಲಿ ಪೆಂಟಿಯಂ ಕಂಪ್ಯೂಟರಿನಲ್ಲಿ ಓಡುತ್ತಿದ್ದ 'ಫ್ರಿಟ್ಜ್'ಗೆ ಸೋತಿತು ಅನ್ನೋದು ಬೇರೆ ಕಥೆ.

ಯಂತ್ರವನ್ನು ಜೊತೆಗೆ ಹೊತ್ತುಕೊಂಡು ಹೋದವರ ಪಾಡು ಇನ್ನೂ ಸೊಗಸು. ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಬರೆದ ಕೆನ್ ಥಾಂಪ್ಸನ್ ಗೊತ್ತಲ್ಲ, ಅವರದ್ದೊಂದು ಚೆಸ್ ಯಂತ್ರ ಇತ್ತು, 'ಬೆಲ್' ಅಂತ. 1980ರಲ್ಲಿ ಲಿಂಜ್‌ನಲ್ಲಿ ವಿಶ್ವ ಚಾಂಪಿಯನ್ ಆಗಿತ್ತು. 1982ರಲ್ಲಿ ಅದನ್ನು ಮಾಸ್ಕೋಗೆ ಒಯ್ಯಲು ಹೊರಟರೆ ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಹಿಡಿದಿಟ್ಟುಕೊಂಡರು, ಸೋವಿಯತ್ತರಿಗೆ ತಂತ್ರಜ್ಞಾನ ಸಾಗಿಸುತ್ತಿದ್ದೀರಿ ಅಂತ. ಬಿಡಿಸಿಕೊಳ್ಳಲು ಒಂದು ತಿಂಗಳಿಗಿಂತ ಜಾಸ್ತಿ ಹಿಡಿಯಿತು, ಮೇಲೆ 600 ಡಾಲರ್ ದಂಡ. ಇದನ್ನು ಯುದ್ಧಕ್ಕೆ ಬಳಸಬೇಕಾದರೆ ವಿಮಾನದಿಂದ ಯಾರ ತಲೆ ಮೇಲಾದರೂ ಎತ್ತಿಹಾಕಬೇಕು ಅಷ್ಟೇ ಎಂಬ ಅರ್ಥದ ಮಾತನ್ನು ಥಾಂಪ್ಸನ್ ಆಮೇಲೆ ಆಡಿದ್ದರು.

ಸರಿ, ಯಂತ್ರ ಬರೋದಿಲ್ಲ, ಮನುಷ್ಯ ಮಾತ್ರ ಬರುತ್ತಾನೆ ಅಂದಮೇಲೆ ಅವನು ಬಂದು ಮಾಡೋದೇನು? ನನ್ನ ಲೆಕ್ಕದಲ್ಲಿ ಮೂರು ಬೇರೆ ಬೇರೆ ಕೆಲಸಗಳು ಇಲ್ಲಿ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಒಂದು, ಅವನು ಯಂತ್ರದ ಕೈ. ಎರಡು, ಅವನು ಯಂತ್ರದ ಜಾಮೀನು. ಮೂರು, ಅವನು ಅಲ್ಲಿಗೆ ಬಂದ ಒಬ್ಬ ಮನುಷ್ಯ, ಉಳಿದವರ ಜೊತೆ ಕೂತು ಮಾತಾಡುವವನು. ವಾದ ಮಾಡುವವರು ಇವನ್ನು ಬಿಡಿಸಿ ನೋಡೋದಿಲ್ಲ, ಅದಕ್ಕೇ ವಾದ ಮುಗಿಯೋದೂ ಇಲ್ಲ.

ಕೈಯ ವಿಷಯ ಮೊದಲು ತೆಗೆದುಕೊಳ್ಳೋಣ. 1970ರಲ್ಲಿ ಕೈ ಬೇಕೇ ಬೇಕಿತ್ತು. ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡಲು ಇಬ್ಬರಿಗೂ ಅರ್ಥವಾಗುವ ಭಾಷೆಯೇ ಇರಲಿಲ್ಲ. ಈಗ ಇದೆ. ಅದರ ಹೆಸರು ಯುಸಿಐ. 2000ದಲ್ಲಿ ಬಂತು, ರೂಡಾಲ್ಫ್ ಹೂಬರ್ ಮತ್ತು ಸ್ಟೆಫಾನ್ ಮೇಯರ್-ಕಾಹ್ಲೆನ್ ರೂಪಿಸಿದ್ದು. ಈ ಎರಡನೆಯವರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ. ಯುಸಿಐ ಎಷ್ಟು ಸರಳ ಅಂದರೆ ನೀವೇ ಕೀಬೋರ್ಡಿನಲ್ಲಿ ಟೈಪ್ ಮಾಡಿ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂಗೆ ಹೀಗಂತಾರೆ) ಜೊತೆ ಮಾತಾಡಬಹುದು. ಇಲ್ಲಿಯವರೆಗೆ ಆದ ನಡೆಗಳು ಇವು ಅಂತ ಒಂದು ಸಾಲು. ಬಿಳಿಗೆ ಇಷ್ಟು ಮಿಲಿಸೆಕೆಂಡ್ ಉಳಿದಿದೆ, ಕಪ್ಪಿಗೆ ಇಷ್ಟು, ಯೋಚನೆ ಶುರು ಮಾಡು ಅಂತ ಇನ್ನೊಂದು ಸಾಲು. ಸ್ವಲ್ಪ ಹೊತ್ತಾದ ಮೇಲೆ ಎಂಜಿನ್ 'ಬೆಸ್ಟ್‌ಮೂವ್' ಅಂತ ಬರೆದು ತನ್ನ ನಡೆ ಹೇಳುತ್ತದೆ. ಅಷ್ಟೇ. ಮಧ್ಯದಲ್ಲಿ ಒಂದು ಪುಟ್ಟ ಪ್ರೋಗ್ರಾಂ ಕೂತು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನಡೆ ದಾಟಿಸುತ್ತದೆ, ಗಡಿಯಾರ ನೋಡುತ್ತದೆ, ಡ್ರಾ ಆಯಿತಾ ಮೇಟ್ ಆಯಿತಾ ಅಂತ ತೀರ್ಪು ಕೊಡುತ್ತದೆ. ರಾತ್ರಿ ಮಲಗುವ ಮುಂಚೆ ಸಾವಿರ ಆಟ ಹಚ್ಚಿಟ್ಟರೆ ಬೆಳಿಗ್ಗೆಗೆ ಫಲಿತಾಂಶ ತಯಾರು. ಎಂಜಿನ್ ಬರೆಯುವವರೆಲ್ಲ ದಿನಾ ಮಾಡುವುದು ಇದನ್ನೇ.

ಇದರ ಪಕ್ಕದಲ್ಲಿ ಮನುಷ್ಯನ ಕೈ ಇಟ್ಟು ನೋಡಿ. ಓದಿ, ಕಾಯಿ ಸರಿಸಿ, ಗಡಿಯಾರ ಒತ್ತಿ, ಎದುರಿನ ನಡೆ ಹಾಕುವುದಕ್ಕೆ ಪ್ರತಿ ನಡೆಗೆ ಮೂರು ಸೆಕೆಂಡ್ ಅಂತ ಇಟ್ಟುಕೊಳ್ಳಿ. ದೊಡ್ಡ ಆಟದಲ್ಲಿ ಅದು ಏನೂ ಅಲ್ಲ. ಆದರೆ ಬ್ಲಿಟ್ಜ್ ಆಟ ಇದ್ದರೆ? 60 ನಡೆಗೆ 180 ಸೆಕೆಂಡ್, ಅಂದರೆ ಮೂರು ನಿಮಿಷ. ಒಟ್ಟು ಇರುವ ಐದು ನಿಮಿಷದಲ್ಲಿ ಮೂರು ನಿಮಿಷ ಮನುಷ್ಯನ ಬೆರಳುಗಳಿಗೇ ಹೋಯಿತು. ಆಗ ಸ್ಪರ್ಧೆ ಯಾವುದರದ್ದು, ಪ್ರೋಗ್ರಾಮಿನದ್ದಾ, ಮೌಸ್ ಹಿಡಿದವನದ್ದಾ?

ನಿಧಾನ ಆದರೂ ಪರವಾಗಿಲ್ಲ, ಇನ್ನೊಂದು ದೊಡ್ಡ ಅಪಾಯ ಇದೆ. ಕೈ ಇದ್ದ ಕಡೆ ತಲೆಯೂ ಇರುತ್ತದೆ, ತಲೆ ಸುಮ್ನೆ ಇರೋದಿಲ್ಲ. 2003ರ ನವೆಂಬರ್, ಆಸ್ಟ್ರಿಯಾದ ಗ್ರಾಜ್, ವಿಶ್ವ ಚಾಂಪಿಯನ್‌ಶಿಪ್. 'ಶ್ರೆಡರ್' ಮತ್ತು 'ಜಾನಿ' ನಡುವಿನ ಆಟ. ಶ್ರೆಡರ್ ಆಗ ದೊಡ್ಡ ಹೆಸರು, ಅದನ್ನು ಬರೆದವರು ಅದೇ ಮೇಯರ್-ಕಾಹ್ಲೆನ್. ಜಾನಿ ಒಬ್ಬ ಹವ್ಯಾಸಿಯ ಪ್ರೋಗ್ರಾಂ. ಶ್ರೆಡರ್ ಗೆಲ್ಲುವ ಸ್ಥಿತಿಯಲ್ಲಿತ್ತು, ಆದರೆ ಯಾವುದೋ ದೋಷದಿಂದ ಅದೇ ಸ್ಥಿತಿಯನ್ನು ಮೂರನೇ ಸಲ ಬೋರ್ಡಿನ ಮೇಲೆ ತಂದುಬಿಟ್ಟಿತು. ಚೆಸ್ ನಿಯಮ ಗೊತ್ತಲ್ಲ, ಒಂದೇ ಸ್ಥಿತಿ ಮೂರು ಸಲ ಬಂದರೆ ಆಟಗಾರ ಡ್ರಾ ಕೇಳಬಹುದು. ಜಾನಿಯ ಪರದೆಯ ಮೇಲೆ ಮೂರು ಸಲ ಆಯಿತು ಅಂತ ಸಂದೇಶವೂ ಬಂತು. ಮುಂದೆ ಕೂತಿದ್ದವನು ಜಾನಿಯನ್ನು ಬರೆದವನೇ. ಅವನು ತೀರ್ಪುಗಾರನನ್ನು ಕರೆಯಲಿಲ್ಲ. ಎದುರಾಳಿಯ ಬಗ್‌ನಿಂದ ಸಿಗುವ ಅರ್ಧ ಅಂಕ ನನಗ್ಯಾಕೆ ಅನ್ನಿಸಿತು ಅವನಿಗೆ. ಆಟ ಮುಂದುವರಿಯಿತು, ಶ್ರೆಡರ್ ಗೆದ್ದಿತು.

ಅವನ ದೃಷ್ಟಿಯಲ್ಲಿ ಅದು ದೊಡ್ಡ ಮನಸ್ಸು. ಸಮಸ್ಯೆ ಏನೆಂದರೆ ಆ ಅರ್ಧ ಅಂಕ ಅವನೊಬ್ಬನದ್ದಾಗಿರಲಿಲ್ಲ. ಟೂರ್ನಿ ಮುಗಿದಾಗ ಶ್ರೆಡರ್ ಮತ್ತು ಫ್ರಿಟ್ಜ್ ಎರಡೂ 11 ಸುತ್ತಿಗೆ 9.5 ಅಂಕದಲ್ಲಿ ಸಮಸಮ. ಪ್ಲೇಆಫ್ ಆಡಿಸಿದರು. ಶ್ರೆಡರ್ ಚಾಂಪಿಯನ್. ಆ ಡ್ರಾ ಕೇಳಿದ್ದರೆ ಶ್ರೆಡರ್ ಅರ್ಧ ಅಂಕ ಹಿಂದೆ ಬೀಳುತ್ತಿತ್ತು, ಪ್ಲೇಆಫ್‌ನ ಅಗತ್ಯವೇ ಇರುತ್ತಿರಲಿಲ್ಲ, ಫ್ರಿಟ್ಜ್‌ಗೆ ಪ್ರಶಸ್ತಿ. ಇಬ್ಬರ ನಡುವಿನ ಸಜ್ಜನಿಕೆ ಮೂರನೆಯವನ ಕೈಯಿಂದ ವಿಶ್ವ ಪ್ರಶಸ್ತಿ ಕಿತ್ತುಕೊಂಡಿತು. ಇದರ ಮೇಲೆ ಎಷ್ಟು ಗಲಾಟೆ ಆಯಿತು ಅಂದರೆ ಕಂಪ್ಯೂಟರ್ ಚೆಸ್ ಮಂದಿ ಇವತ್ತಿಗೂ ಗ್ರಾಜ್ ಅಂದರೆ ಮೊದಲು ನೆನೆಯುವುದು ಇದನ್ನೇ. ಮಧ್ಯದಲ್ಲಿ ಕೂತಿದ್ದು ಮನುಷ್ಯನಲ್ಲದೆ ಆ ಪುಟ್ಟ ಪ್ರೋಗ್ರಾಂ ಆಗಿದ್ದರೆ ಮೂರನೇ ಸಲಕ್ಕೆ ಡ್ರಾ ಅಂತ ಬರೆದು ಮುಂದಿನ ಆಟ ಶುರು ಮಾಡುತ್ತಿತ್ತು. ಅದಕ್ಕೆ ದೊಡ್ಡ ಮನಸ್ಸೂ ಇಲ್ಲ, ಸಣ್ಣ ಮನಸ್ಸೂ ಇಲ್ಲ.

ಹಾಗಾಗಿ ಕೈಯ ಮಟ್ಟಿಗೆ ನನ್ನ ಉತ್ತರ ಖಡಕ್: ಬೇಡ. ಮನುಷ್ಯನ ಕೈ ಇಲ್ಲಿ ಸಹಾಯವಲ್ಲ, ಅದು ಫಲಿತಾಂಶದ ಮೇಲಿನ ಒಂದು ಕಲೆ.

ಎರಡನೆಯದು ಜಾಮೀನು. ಇದು ಸ್ವಲ್ಪ ಗಂಭೀರ. ಖುದ್ದಾಗಿ ಬರಬೇಕು ಅನ್ನುವವರ ಬಲವಾದ ವಾದ ಇದೇ: ದೂರದಲ್ಲಿ ಎಲ್ಲೋ ಓಡುತ್ತಿರುವ ಯಂತ್ರದ ಮೇಲೆ ನಿಜವಾಗಿ ಏನು ಓಡುತ್ತಿದೆ ಅಂತ ಯಾರಿಗೆ ಗೊತ್ತು? ಫೋನ್ ಲೈನಿನ ಕಾಲದಲ್ಲಿ ಅನುಮಾನ ಬೇರೆ ಥರ ಇತ್ತು, ಆ ತುದಿಯಲ್ಲಿ ಒಳ್ಳೆಯ ಚೆಸ್ ಆಟಗಾರ ಯಾರಾದರೂ ಕೂತು ಹೇಳಿಕೊಡುತ್ತಿದ್ದರೆ? ಈಗ ಅದು ತಿರುಗುಮುರುಗಾಗಿದೆ. ಮನುಷ್ಯ ಹೇಳಿಕೊಟ್ಟರೆ ಎಂಜಿನ್ ಸೋಲುವುದೇ ಜಾಸ್ತಿ. ಈಗಿನ ಭಯ ಏನೆಂದರೆ ಆ ತುದಿಯಲ್ಲಿ ಬೇರೊಬ್ಬರ ಎಂಜಿನ್ ಓಡುತ್ತಿದ್ದರೆ ಅಂತ. 'ಸ್ಟಾಕ್‌ಫಿಶ್' ಅನ್ನೋ ಬಲಶಾಲಿ ಎಂಜಿನ್ ಪುಕ್ಕಟೆ ಸಿಗುತ್ತದೆ, ಅದರ ಕೋಡ್ ಎಲ್ಲರಿಗೂ ತೆರೆದಿದೆ. ಹೆಸರು ಬದಲಿಸಿ ನನ್ನದು ಅಂತ ತರುವವನನ್ನು ಹಿಡಿಯೋದು ಹೇಗೆ?

ಹಾಗಾದರೆ ಅನುಮಾನ ಬಂದ ಆಟದ ಸ್ಥಿತಿಯನ್ನು ಅದೇ ಎಂಜಿನ್‌ಗೆ ಮತ್ತೆ ಕೊಟ್ಟು ಅದೇ ನಡೆ ಬರುತ್ತಾ ನೋಡಿದರಾಯಿತಲ್ಲ ಅಂತ ನಿಮಗೆ ಅನ್ನಿಸಬಹುದು. ಕಂಪ್ಯೂಟರಿನಲ್ಲಿ ಒಂದೇ ಕೋರ್, ಅಂದರೆ ಲೆಕ್ಕ ಮಾಡುವ ಒಂದೇ ಘಟಕ, ಇದ್ದಾಗ ಅದು ಬಹುಮಟ್ಟಿಗೆ ನಡೆಯುತ್ತಿತ್ತು. ಈಗಿನ ಎಂಜಿನ್‌ಗಳು ಹತ್ತಾರು ಕೋರ್‌ಗಳ ಮೇಲೆ ಒಟ್ಟಿಗೆ ಹುಡುಕುತ್ತವೆ. ಎಲ್ಲ ಕೋರ್‌ಗಳೂ ತಾವು ಕಂಡುಕೊಂಡದ್ದನ್ನು ಒಂದೇ ಕೋಷ್ಟಕದಲ್ಲಿ ಬರೆದಿಡುತ್ತವೆ, ಬೇರೆಯವರು ಬರೆದದ್ದನ್ನು ಓದಿ ಅದರ ಮೇಲೆ ಮುಂದೆ ಹೋಗುತ್ತವೆ. ಯಾವ ಕೋರ್ ಯಾವುದಕ್ಕಿಂತ ಒಂದು ಕ್ಷಣ ಮೊದಲು ಬರೆಯಿತು ಅನ್ನೋದು ಪ್ರತಿ ಸಲ ಬೇರೆ. ಅಡುಗೆ ಮನೆಯಲ್ಲಿ ಹತ್ತು ಜನ ಸೇರಿ ಒಂದೇ ಸಾರು ಮಾಡಿದ ಹಾಗೆ, ನಾಳೆ ಅದೇ ಹತ್ತು ಜನ ಮಾಡಿದರೂ ರುಚಿ ಕೂದಲೆಳೆ ವ್ಯತ್ಯಾಸ. ಆದ್ದರಿಂದ ಪ್ರಾಮಾಣಿಕವಾದ ಎಂಜಿನ್ ಕೂಡ ಎರಡನೇ ಸಲ ಬೇರೆ ನಡೆ ಹೇಳಬಹುದು. ಬೇರೆ ನಡೆ ಬಂತು ಅಂತ ಯಾರನ್ನೂ ಕಳ್ಳ ಅನ್ನೋ ಹಾಗಿಲ್ಲ.

ಆದರೆ ಇಲ್ಲೇ ನನ್ನ ತಕರಾರು. ಬರೆದವನು ಹಾಲ್‌ನಲ್ಲಿ ಕೂತಿದ್ದರೆ ಇದರಲ್ಲಿ ಯಾವುದು ಪರಿಹಾರ ಆಗುತ್ತದೆ? ಅವನ ಮುಂದಿರುವ ಲ್ಯಾಪ್‌ಟಾಪ್ ಬರೀ ಕಿಟಕಿ, ಯಂತ್ರ ಸಾವಿರಾರು ಮೈಲಿ ದೂರದಲ್ಲಿದೆ. ಅವನ ಮುಖ ನೋಡಿ ಎಂಜಿನ್ ಯಾರದ್ದು ಅಂತ ಹೇಳಲು ಆಗುತ್ತಾ? 'ರಿಬ್ಕಾ' ಅನ್ನೋ ಎಂಜಿನ್ ನೋಡಿ. 2007ರಿಂದ 2010ರವರೆಗೆ ಸತತ ನಾಲ್ಕು ವಿಶ್ವ ಪ್ರಶಸ್ತಿ: ಆಮ್‌ಸ್ಟರ್‌ಡ್ಯಾಂ, ಬೀಜಿಂಗ್, ಪಾಂಪ್ಲೋನಾ, ಕನಜಾವಾ. ಎಲ್ಲವೂ ಹಾಲ್‌ನಲ್ಲಿ, ಮರದ ಕಾಯಿ ನಡೆಸಿ, ಪಕ್ಕದಲ್ಲೇ ಎದುರಾಳಿಗಳು ಕೂತಿರುವಾಗ ಗೆದ್ದದ್ದು. 2011ರಲ್ಲಿ ಈ ಚಾಂಪಿಯನ್‌ಶಿಪ್ ನಡೆಸುತ್ತಿದ್ದ ಅಂತರರಾಷ್ಟ್ರೀಯ ಸಂಘಟನೆ ಐಸಿಜಿಎ ಆ ನಾಲ್ಕೂ ಪ್ರಶಸ್ತಿ ವಾಪಸ್ ತೆಗೆದುಕೊಂಡಿತು, 'ಕ್ರಾಫ್ಟಿ' ಮತ್ತು 'ಫ್ರೂಟ್' ಎಂಬ ಎಂಜಿನ್‌ಗಳಿಂದ ನಕಲು ಮಾಡಲಾಗಿದೆ ಎಂಬ ತೀರ್ಮಾನದ ಮೇಲೆ. ಆ ತೀರ್ಮಾನ ಸರಿಯೇ ಅಂತ ಇನ್ನೂ ಜಗಳ ಇದೆ, ಅದು ಇರಲಿ. ನಾನು ಹೇಳೋದು ಇಷ್ಟು: ಅನುಮಾನ ಹುಟ್ಟಿದ್ದು ಹಾಲ್‌ನಲ್ಲಲ್ಲ. ತಮ್ಮ ತಮ್ಮ ಮನೆಯಲ್ಲಿ ಕೂತು, ರಿಬ್ಕಾದ ಯಂತ್ರ ಭಾಷೆಯ ಕೋಡನ್ನು ಬಿಚ್ಚಿ, ಫ್ರೂಟ್‌ನ ಕೋಡ್ ಪಕ್ಕ ಇಟ್ಟು, ಸಾಲು ಸಾಲಾಗಿ ಹೋಲಿಸಿ ನೋಡಿದವರಿಂದ.

ಹಾಗಂತ ಜಾಮೀನು ಬೇಡವೇ ಬೇಡ ಅಂತಲ್ಲ. ಅದೇ 2003ರ ಗ್ರಾಜ್‌ನಲ್ಲಿ 'ಲಿಸ್ಟ್' ಅನ್ನೋ ಪ್ರೋಗ್ರಾಂ ಮೇಲೆ ನಕಲಿನ ಅನುಮಾನ ಬಂತು. ಮೂಲ ಕೋಡ್ ತೋರಿಸಿ ಅಂದರು, ಸಿಗಲಿಲ್ಲ, ಟೂರ್ನಿಯಿಂದ ಹೊರಗೆ ಹಾಕಿದರು. ಆಮೇಲೆ ಪರಿಶೀಲಿಸಿ ನೋಡಿದರೆ ಅದು ನಕಲಲ್ಲ ಅಂತ ಆಯಿತು. ಪಾಪ, ಟೂರ್ನಿ ಮುಗಿದುಹೋಗಿತ್ತು. ಅಲ್ಲಿ ಬೇಕಾಗಿದ್ದದ್ದು ಅದನ್ನು ಬರೆದವನ ದೇಹ ಅಲ್ಲ, ಉತ್ತರ. ತೀರ್ಪುಗಾರ ಕೇಳಿದ ದಿನವೇ, ನಂಬುವ ಒಬ್ಬರ ಮುಂದೆ ಕೋಡ್ ಬಿಚ್ಚಿ ತೋರಿಸುವ ವ್ಯವಸ್ಥೆ. ಆಗ ಅದಕ್ಕೆ ಎದುರಾಬದುರು ಕೂರುವುದೇ ಸುಲಭದ ದಾರಿಯಾಗಿತ್ತು. ಈಗ ಟೂರ್ನಿ ಶುರುವಾಗುವ ಮುಂಚೆಯೇ ಕೋಡನ್ನು ತೀರ್ಪುಗಾರರ ಬಳಿ ಗುಟ್ಟಾಗಿ ಒಪ್ಪಿಸಿಡಬಹುದು, ವಿಡಿಯೊ ಕಾಲ್‌ನಲ್ಲಿ ಪರದೆ ತೋರಿಸಬಹುದು. ಪಂದ್ಯ ನಡೆಯುವ ಹೊತ್ತಿಗೆ ಫೋನಿಗೆ ಸಿಗಲೇಬೇಕು ಅಂತ ನಿಯಮ ಮಾಡಿದರೆ ಸಾಕು. ವೀಸಾ ಯಾಕೆ?

ವೀಸಾ ಅಂದೆ, ಅದು ಸುಮ್ನೆ ಅಂದದ್ದಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ರಾತ್ರಿ ಹೊತ್ತು ಎಂಜಿನ್ ಬರೆಯುವ ಒಬ್ಬರನ್ನು ಊಹಿಸಿಕೊಳ್ಳಿ. ಅವರ ಎಂಜಿನ್ ಎಂಟನೆಯದೋ ಒಂಬತ್ತನೆಯದೋ ಬರುತ್ತದೆ, ಅವರಿಗೂ ಗೊತ್ತು. ಅದಕ್ಕಾಗಿ ಷೆಂಗೆನ್ ವೀಸಾ, ಬ್ಯಾಂಕ್ ಸ್ಟೇಟ್‌ಮೆಂಟ್, ವಿಮಾನ, ಒಂದು ವಾರದ ಹೋಟೆಲ್, ಆಫೀಸಿನಲ್ಲಿ ರಜೆ. ವಿಶ್ವ ಚಾಂಪಿಯನ್‌ಶಿಪ್ ಅನ್ನುವ ಹೆಸರಿದ್ದೂ ಆ ಟೂರ್ನಿಗೆ ಬರುವ ಪ್ರೋಗ್ರಾಂಗಳ ಸಂಖ್ಯೆ ಕರಗುತ್ತಾ ಬಂತು. 1999ರಲ್ಲಿ ಪಾಡರ್‌ಬಾರ್ನ್‌ನಲ್ಲಿ 30 ಇದ್ದವು, ಕೊನೆಯ ವರ್ಷಗಳಲ್ಲಿ ಹತ್ತು ತುಂಬುವುದೇ ಕಷ್ಟವಾಗಿತ್ತು. ಸ್ಟಾಕ್‌ಫಿಶ್ ಅಂತೂ ಆ ಕಡೆ ತಲೆ ಹಾಕಲೇ ಇಲ್ಲ. ಅದು ಬರಬೇಕಾದರೂ ಯಾರು ಬರಬೇಕು? ಅದನ್ನು ಬರೆದವರು ನೂರಾರು ಜನ, ಸಾವಿರಾರು ಜನ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಅದರ ಪರೀಕ್ಷೆಯ ಆಟಗಳನ್ನು ಓಡಿಸಿಕೊಟ್ಟಿದ್ದಾರೆ. ಬರೆದವನು ಖುದ್ದು ಬರಬೇಕು ಅನ್ನೋ ಮಾತಿನಲ್ಲಿ ಬರೆದವನು ಒಬ್ಬನೇ ಅನ್ನೋ ನಂಬಿಕೆ ಅಡಗಿದೆ. ಅದು 70ರ ದಶಕದ ನಂಬಿಕೆಯೂ ಅಲ್ಲ ನಿಜವಾಗಿ, ಆಗಲೂ ತಂಡಗಳೇ ಇದ್ದವು.

ಇನ್ನೊಂದು ಕಡೆ ಟಿಸಿಇಸಿ ಅನ್ನೋ ಎಂಜಿನ್‌ಗಳ ಆನ್‌ಲೈನ್ ಟೂರ್ನಿ ಇದೆ. 2010ರಲ್ಲಿ ನಾರ್ವೆಯ ಮಾರ್ಟಿನ್ ಥೋರೆಸನ್ ಶುರು ಮಾಡಿದ್ದು. ಎಲ್ಲ ಎಂಜಿನ್‌ಗಳೂ ಸಂಘಟಕರ ಯಂತ್ರಗಳ ಮೇಲೇ ಓಡುತ್ತವೆ, ಹಗಲು ರಾತ್ರಿ ಆಟ ನಡೆಯುತ್ತದೆ, ಜಗತ್ತು ಇಂಟರ್ನೆಟ್‌ನಲ್ಲಿ ನೋಡುತ್ತದೆ. ಬರೆದವರು ಫೈಲ್ ಕಳಿಸುತ್ತಾರೆ, ಏನಾದರೂ ಕೆಟ್ಟರೆ ಮೆಸೇಜ್‌ಗೆ ಉತ್ತರ ಕೊಡುತ್ತಾರೆ, ಅಷ್ಟೇ. ಕೋವಿಡ್ ಬಂದು 2020 ಮತ್ತು 2021ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಲೇ ಇಲ್ಲ. ಟಿಸಿಇಸಿ ಒಂದು ದಿನವೂ ಮಾಸ್ಕ್ ಹಾಕಿಕೊಳ್ಳಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹಾಲ್ ಮುಚ್ಚಿಬಿಡಿ ಅಂತ ಬರೆಯಬೇಕು ನಾನು. ಬರೆಯೋದಿಲ್ಲ, ಯಾಕೆಂದರೆ ಮೂರನೆಯದು ಉಳಿದಿದೆ.

1977, ಟೊರೊಂಟೊ, ಎರಡನೇ ವಿಶ್ವ ಚಾಂಪಿಯನ್‌ಶಿಪ್. ಕೈಸ್ಸಾ ಮತ್ತು ಡ್ಯೂಕ್ ವಿಶ್ವವಿದ್ಯಾಲಯದ 'ಡಚೆಸ್' ಆಡುತ್ತಿವೆ. ನೋಡಲು ಬಂದವರಲ್ಲಿ ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ಬೊತ್ವಿನ್ನಿಕ್ ಕೂಡ ಇದ್ದರು. ಡಚೆಸ್ ರಾಣಿಯಿಂದ ಶೇ ಕೊಟ್ಟಿತು. ಕೈಸ್ಸಾದ ರಾಜ ಒಂದು ಮನೆ ಸರಿದರೆ ಮುಗಿಯಿತು, ಸಣ್ಣ ಮಕ್ಕಳಿಗೂ ಕಾಣುವ ನಡೆ. ಕೈಸ್ಸಾ ಅದು ಬಿಟ್ಟು ತನ್ನ ಆನೆಯನ್ನು ತಂದು ರಾಣಿಯ ಬಾಯಿಗೆ ಇಟ್ಟಿತು. ಸುಮ್ನೆ, ಪುಕ್ಕಟೆ. ಹಾಲ್‌ನಲ್ಲಿದ್ದವರೆಲ್ಲ ಪ್ರೋಗ್ರಾಂ ಕೆಟ್ಟಿದೆ ಅಂದುಕೊಂಡರು, ಬೊತ್ವಿನ್ನಿಕ್ ಅವರಿಗೂ ಕಾರಣ ಕಾಣಲಿಲ್ಲ. ಆನೆ ಹೋದ ಕೈಸ್ಸಾ ಆ ಆಟ ಸೋತಿತು. ಆಮೇಲೆ ಅದನ್ನು ಬರೆದವರು ಅದೇ ಸ್ಥಿತಿ ಇಟ್ಟು, ರಾಜನನ್ನು ಸರಿಸಿ, ಈಗ ಏನಾಗುತ್ತದೆ ಹೇಳು ಅಂತ ಯಂತ್ರವನ್ನೇ ಕೇಳಿದರು. ಅದು ತೋರಿಸಿತು: ಡಚೆಸ್‌ನ ರಾಣಿ ತಾನೇ ಬಂದು ರಾಜನ ಮಗ್ಗುಲಲ್ಲಿ ಬಲಿಯಾಗುತ್ತದೆ, ರಾಜ ಅದನ್ನು ತಿನ್ನಲೇಬೇಕು, ತಿಂದರೆ ಒಂಟೆ ಶೇ ಕೊಡುತ್ತದೆ, ಆಮೇಲೆ ಆನೆ, ಮೇಟ್. ಅಷ್ಟು ಜನರಲ್ಲಿ ಯಾರಿಗೂ ಕಾಣದ್ದು ಯಂತ್ರಕ್ಕೆ ಕಂಡಿತ್ತು. ಮೇಟ್‌ಗಿಂತ ಆನೆ ಹೋಗುವುದು ವಾಸಿ ಅಂತ ಅದು ಲೆಕ್ಕ ಹಾಕಿತ್ತು.

ಇವತ್ತು ಇಂಥ ನಡೆ ಟಿಸಿಇಸಿಯಲ್ಲಿ ಬಂದರೆ ಏನಾಗುತ್ತದೆ? ನೋಡುತ್ತಿರುವವರೆಲ್ಲರ ಮನೆಯಲ್ಲೂ ಒಂದು ಎಂಜಿನ್ ಓಡುತ್ತಿರುತ್ತದೆ. ಎರಡು ಸೆಕೆಂಡಿನಲ್ಲಿ ಯಾರೋ ಉತ್ತರ ಬರೆದು ಹಾಕುತ್ತಾರೆ. ತಲೆ ಕೆಡಿಸಿಕೊಳ್ಳುವ ಆ ರಾತ್ರಿ ಇಲ್ಲ. ಟೂರ್ನಿಗೆ ಹೋದವರು ನೆನಪಿಸಿಕೊಳ್ಳೋದು ಆ ರಾತ್ರಿಗಳನ್ನೇ: ಸುತ್ತು ಮುಗಿದ ಮೇಲೆ ಹೋಟೆಲಿನ ಮೂಲೆಯಲ್ಲಿ ಎದುರಾಳಿಯ ಜೊತೆಯೇ ಕೂತು ಬಗ್ ಹುಡುಕೋದು, ನಾಳೆಯ ಎದುರಾಳಿಗೆ ಅಂತ ಆರಂಭದ ನಡೆಗಳ ಪುಸ್ತಕವನ್ನು ತಿದ್ದೋದು, ಬಿಟ್ಟುಕೊಡದ ಗುಟ್ಟಿನ ಬಗ್ಗೆ ಅವನು ಬಿಯರ್ ಹೊತ್ತಿಗೆ ಅರ್ಧ ಬಾಯಿ ಬಿಡೋದು. ಇದು ಫೈಲ್ ಕಳಿಸಿದರೆ ಸಿಗೋದಿಲ್ಲ, ನಿಜ. ಆದರೆ ಇದನ್ನು ನಿಯಮ ಮಾಡಿ ಕಡ್ಡಾಯ ಮಾಡಲು ಆಗುತ್ತಾ? ಮದುವೆ ಊಟಕ್ಕೆ ಕರೆಯಬಹುದು, ಬರದಿದ್ದರೆ ಮದುವೆ ಆಗಲೇ ಇಲ್ಲ ಅನ್ನಲು ಬರೋದಿಲ್ಲ. ಹೋಗಲು ಆಗುವವರು ಹೋಗಲಿ, ಆಗದವರ ಎಂಜಿನ್‌ಗೆ ಒಂದು ಕುರ್ಚಿಯನ್ನು ಇಂಟರ್ನೆಟ್‌ನಲ್ಲಿ ಬಿಟ್ಟಿರಲಿ.

ಅಂದ ಹಾಗೆ, ಗ್ರಾಜ್‌ನಲ್ಲಿ ಡ್ರಾ ಕೇಳದೆ ಕೂತಿದ್ದ ಆ ಜಾನಿ, 12 ವರ್ಷ ಆದಮೇಲೆ, 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ವಿಶ್ವ ಚಾಂಪಿಯನ್ ಆಯಿತು. ಓಡುತ್ತಿದ್ದದ್ದು 2,400 ಕೋರ್‌ಗಳ ಮೇಲೆ, ಜರ್ಮನಿಯ ಬೈರಾಯ್ಟ್ ವಿಶ್ವವಿದ್ಯಾಲಯದ ಕ್ಲಸ್ಟರ್‌ನಲ್ಲಿ. ಬೋರ್ಡು ಮಾತ್ರ ಲೈಡನ್‌ನಲ್ಲಿ, ಕಾಯಿ ಸರಿಸಲು ಮತ್ತೆ ಒಂದು ಕೈ.